ಕಪ್ ಹಿಡಿದು ಬಂದವನು

ಫುಟ್‌ಬಾಲ್ ತರಬೇತುದಾರನಾಗಿ ಮೊದಲ ಕಪ್ ಗೆದ್ದ ಯತಿರಾಜ, ಅದನ್ನು ತನ್ನ ಹಳೆಯ ಗುರುಗಳ ಕೈಗಿಡಲು ಹೋದ. ಅವರಿಗೀಗ ಕಣ್ಣು ಕಾಣುತ್ತಿರಲಿಲ್ಲ.

"ಯಾರು? ನನ್ನ ಹಳೇ ಹುಡುಗರಲ್ಲಿ ಒಬ್ಬನಾ?"

"ಹೌದು ಸಾರ್."

"ಹಾಗಾದ್ರೆ ವಲೇರಿಯನ್‌ನನ್ನು ಒಮ್ಮೆ ಕರ್ಕೊಂಡು ಬಾ ಮಾರಾಯ. ಅವ ಕುಡೀತಾನೆ ಅಂತ ಯತಿರಾಜ ಚಾಡಿ ಹೇಳಿದ. ನಾನು ನಂಬಿ ತಂಡದಿಂದ ತೆಗೆದೆ. ಆ ಜಾಗದಲ್ಲಿ ಆಡಿಯೇ ಯತಿರಾಜ ದೊಡ್ಡವನಾದ್ದು. ಸಾಯುವ ಮೊದಲು ವಲೇರಿಯನ್ ಹತ್ರ ಕ್ಷಮೆ ಕೇಳ್ಬೇಕು."

ವಲೇರಿಯನ್ ತೀರಿಕೊಂಡು ವರ್ಷವಾಗಿತ್ತು. ಆ ಕಾಣದ ಕಣ್ಣುಗಳೆದುರೂ ಯತಿರಾಜ ತಲೆಯೆತ್ತಲಾರದಾದ. ಕಪ್ಪನ್ನು ಸದ್ದಾಗದಂತೆ ಬಾಗಿಲ ಹೊರಗಿಟ್ಟ.

"ನೀನು ಯಾರು ಅಂತ ಹೇಳಲೇ ಇಲ್ಲ."

ಅವನು ಗುರುಗಳ ಕೈ ಹಿಡಿದುಕೊಂಡ. "ವಲೇರಿಯನ್, ಸಾರ್."