ದೊರೆಯ ರೊಟ್ಟಿ

ಜೋಳದ ರೊಟ್ಟಿಯ ಅಂಚು ಸೀದ ವಾಸನೆ ಬಂದರೆ ಈಗಲೂ ನನಗೆ ಬಿಳಿಚೋಡಿನ ಅಜ್ಜಿಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಹಿಂದಿನ ದಿನ ನಮ್ಮ ಕುರಿ ಕಾಯುವ ನಾಯಿ ದೊರೆ ಸತ್ತಿತ್ತು. ವಯಸ್ಸಾಗಿತ್ತು; ಮಲಗಿದ್ದು ಏಳಲಿಲ್ಲ. ಅಜ್ಜ ಅದನ್ನು ತನ್ನ ಹಳೆಯ ಕಂಬಳಿಯಲ್ಲಿ ಸುತ್ತಿ ಹೊಲದ ಬೇವಿನ ಮರದಡಿ ಹೂತು ಬಂದಿದ್ದ. ದೊರೆ ಉಂಡ ಮೇಲೆಯೇ ಉಣ್ಣುತ್ತಿದ್ದವನು, ಆ ಮಧ್ಯಾಹ್ನ ಗಂಗಾಳ ಮುಟ್ಟದೆ ಕೂತಿದ್ದ. ನಾನೂ ಅತ್ತು ಅತ್ತು ಉಂಡಿರಲಿಲ್ಲ.

ಅಜ್ಜಿ ರೊಟ್ಟಿ ಬಡಿದು ಮುಗಿಸಿ, ಪರಾತಕ್ಕೆ ಅಂಟಿದ್ದ ಹಿಟ್ಟನ್ನೆಲ್ಲ ಕೆರೆದು, ಎಂದಿನಂತೆ ಅಂಗೈಯಗಲದ ದಪ್ಪ ರೊಟ್ಟಿಯೊಂದನ್ನು ತಟ್ಟಿ ಕೆಂಡದ ಮೇಲಿಟ್ಟಳು. ಅದು ದಿನವೂ ದೊರೆಯದು. ಮಗುಚುವಾಗ ಅವಳ ಕೈ ನಿಂತಿತು.

"ನೋಡು, ಕೈಗೆ ಇನ್ನೂ ಗೊತ್ತಾಗಿಲ್ಲ."

"ಕುರಿಗೆ ಹಾಕು," ಎಂದ ಅಜ್ಜ.

"ಅದರ ಪಾಲು ಕುರಿಗ್ಯಾಕೆ?" ಅಜ್ಜಿ ಬೂದಿ ಕೊಡವಿ, ರೊಟ್ಟಿ ಮುರಿದು, ಅರ್ಧ ನನ್ನ ಕೈಗಿಟ್ಟಳು. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಅಂಥ ರೊಟ್ಟಿ ನಾನು ತಿಂದೇ ಇರಲಿಲ್ಲ.

"ದಿನಾ ಅದಕ್ಕೆ ಇಷ್ಟು ಚೆನ್ನಾಗಿರೋದು ಕೊಡ್ತಿದ್ಯಾ?" ನನಗೆ ಸಿಟ್ಟೇ ಬಂದಿತ್ತು.

ಅಜ್ಜಿ ನಕ್ಕುಬಿಟ್ಟಳು. "ಮತ್ತೆ? ಅಡವಿಯಿಂದ ಅದು ನನ್ನ ಮುಖ ನೋಡಾಕೆ ಓಡಿ ಬರ್ತಿತ್ತು ಅಂದ್ಕಂಡಿದ್ಯಾ?"

ಮರುದಿನದಿಂದ ಕೊನೆಯ ರೊಟ್ಟಿ ನನ್ನದಾಯಿತು. ಅಜ್ಜ ಉಣ್ಣಲು ಕೂರುವ ಮೊದಲು ಹಿಂದಿನಂತೆಯೇ ಕೇಳುತ್ತಿದ್ದ, "ದೊರೆದು ಊಟ ಆತಾ?"

ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು ನಾನು ಹೇಳುತ್ತಿದ್ದೆ, "ಆತು. ನೀನು ಉಣ್ಣು."