ನಮ್ಮೋರು ಹೊಡೆದ್ರು

"ನಿನ್ನ ಒಂದು ಆಟವನ್ನೂ ತಪ್ಪಿಸಲ್ಲ ಕಣೇ" ಎಂದು, ಮಗಳು ಮೊದಲ ಸಲ ಗೋಲ್‌ಕೀಪರ್ ಕೈಗವಸು ಹಾಕಿಕೊಂಡ ದಿನವೇ ಅಪ್ಪ ಮಾತು ಕೊಟ್ಟಿದ್ದ. ಇವತ್ತು ಚೆಂಡು ಅವಳ ಕೈ ಸವರಿಕೊಂಡು ಬಲೆಗೆ ಬಿದ್ದಾಗ, ಗ್ಯಾಲರಿಯಲ್ಲಿ ಅವನು ಮೈಮೇಲೆಲ್ಲ ಬಿಯರ್ ಚೆಲ್ಲಿಕೊಂಡು ಕುಣಿದ. "ಹೊಡೆದ್ರು! ನಮ್ಮೋರು ಹೊಡೆದ್ರು!"

ಜೊತೆಗಿದ್ದ ಅಮ್ಮನ ಮೈ ಉರಿದುಹೋಯಿತು. "ಯಾರ್ರೀ ನಮ್ಮೋರು? ಅಲ್ಲಿ ಮಣ್ಣಲ್ಲಿ ಬಿದ್ದಿರೋಳು ಪಕ್ಕದ ಮನೆಯವಳಾ?"

"ಸುಮ್ನಿರೇ, ಅವರ ಮೇಲೆ ಬೆಟ್ ಕಟ್ಟಿದೀನಿ. ಇವಳೇನು, ಮುಂದಿನ ವಾರ ಗೆಲ್ತಾಳೆ ಬಿಡು."

ಮಗಳು ಎದ್ದು, ಯಾವಾಗಿನಂತೆ ಅಪ್ಪನ ಕಡೆ ತಿರುಗಿದಳು. ಅವನು ಬೆಟ್ಟಿಂಗ್ ಚೀಟಿಗೆ ಮುತ್ತಿಡುತ್ತಿದ್ದ. ಬೀಸಲೆಂದು ಎತ್ತಿದ ಕೈಯನ್ನು ಅವಳು ಹಾಗೇ ಇಳಿಸಿದಳು. ಅಮ್ಮ ಮೆಟ್ಟಿಲಿಳಿದು ಹೋಗಿ ಗೋಲಿನ ಹಿಂದೆ, ಬೇಲಿಗೆ ಒತ್ತಿ ನಿಂತಳು.

ಅಪ್ಪ ಕೊನೆಯವರೆಗೂ ಕೂತಿದ್ದ. ಈ ಆಟವನ್ನೂ ಅವನು ತಪ್ಪಿಸಲಿಲ್ಲ.