ಹೆಗ್ಗಣ ಸಿಕ್ಕ ಜಾಗ

ಬರಿಗಾಲಲ್ಲಿ ಮೋರಿಗಿಳಿದು ಹೂಳೆತ್ತಿದ್ದ ಓಬಳೇಶ ಹದಿನೈದೇ ದಿನದಲ್ಲಿ ಕಣ್ಣು ಹಳದಿಯಾಗಿ ಸತ್ತ. ಇಲಿಜ್ವರ ಎಂದು ಆಸ್ಪತ್ರೆಯವರು ಬರೆದುಕೊಟ್ಟರು. ಈಗ ಅವನ ಹೆಂಡತಿ ಮಾರಕ್ಕನ ಮುಂದೆ ಪುರಸಭೆಯ ಅಧಿಕಾರಿ ಒಂದು ಹಾಳೆ ತಳ್ಳಿದ.

“ಕೊಟ್ಟ ಗಂಬೂಟು ಹಾಕಿಕೊಳ್ಳದೆ ಇಳಿದ, ತಪ್ಪು ಅವನದೇ ಅಂತ ಬರೆದಿದೆ. ಹೆಬ್ಬೆಟ್ಟು ಒತ್ತಮ್ಮ.”

“ಗಂಬೂಟು ಕೊಟ್ಟೋರು ಯಾರು ಸ್ವಾಮಿ? ನೀವಾ, ನಿಮ್ಮಪ್ಪನಾ?”

“ನಾಲಿಗೆ ಬಿಗಿಹಿಡಿದು ಮಾತಾಡು. ನಲವತ್ತು ಜೊತೆ ಹಂಚಿದೀವಿ. ನಿನ್ನ ಗಂಡ ಮಾರ್ಕೊಂಡು ಕುಡಿದಿರಬೇಕು.”

ಮಾರಕ್ಕನ ಮೈ ಉರಿಯಿತು. ಹೆಂಡದ ವಾಸನೆಗೇ ಮುಖ ತಿರುಗಿಸುತ್ತಿದ್ದ ಮನುಷ್ಯ ಅವನು. ಅವಳು ಶಾಯಿಯ ಪ್ಯಾಡನ್ನು ಆಚೆಗೆ ನೂಕಿದಳು.

ಅಷ್ಟರಲ್ಲಿ, ಊರಿನ ಹೆಗ್ಗಣಗಳನ್ನು ಬೋನಿನಲ್ಲಿ ಹಿಡಿದು ಪರೀಕ್ಷೆ ಮಾಡುತ್ತಿದ್ದ ಕಾಲೇಜಿನ ಮೇಡಂ ವರದಿ ಹಿಡಿದು ಒಳಗೆ ಬಂದರು.

“ಹನ್ನೊಂದು ಹೆಗ್ಗಣ ಹಿಡಿದೆವು ಸಾರ್. ಒಂಬತ್ತರ ಮೂತ್ರದಲ್ಲಿ ಇಲಿಜ್ವರದ ಬ್ಯಾಕ್ಟೀರಿಯಾ ಇದೆ.”

“ಮೋರಿ ಹೆಗ್ಗಣ ಅಲ್ವಾ? ಇದ್ದೇ ಇರುತ್ತೆ, ಬಿಡಿ,” ಎಂದು ಅಧಿಕಾರಿ ನಕ್ಕ.

“ಆ ಒಂಬತ್ತರಲ್ಲಿ ಮೋರಿಯವು ಎಂಟೇ.” ಮೇಡಂ ತಮ್ಮ ಪುಸ್ತಕ ತೆರೆದರು. ಪ್ರತಿ ಬೋನು ಇಟ್ಟ ಜಾಗ, ದಿನ, ಎಲ್ಲವನ್ನೂ ಅದರಲ್ಲಿ ಬರೆದಿಟ್ಟಿದ್ದರು.

“ಇನ್ನೊಂದು ಎಲ್ಲಿ ಸಿಕ್ತು ಅಕ್ಕೋರೆ?” ಮಾರಕ್ಕ ಕೇಳಿದಳು.

ಮೇಡಂ ಅಧಿಕಾರಿಯತ್ತ ತಿರುಗಿದರು. “ಫೈಲು ಕಡೀತಾವೆ ಅಂತ ಈ ಆಫೀಸಿನ ಉಗ್ರಾಣದಲ್ಲಿ ನೀವೇ ಒಂದು ಬೋನು ಇಡಿಸಿದ್ರಲ್ಲ, ಅಲ್ಲಿ. ಕಟ್ಟಿದ ದಾರವನ್ನೂ ಬಿಚ್ಚದ ನಲವತ್ತು ಜೊತೆ ಹೊಸ ಗಂಬೂಟಿನ ರಾಶಿಯಲ್ಲಿ ಮರಿ ಹಾಕಿತ್ತು.”